ಅತಿಥಿಗೆ ಕಾಣಿಸದ ಗ್ರಾಫಿಕ್ಸ್ ಕಾರ್ಡ್

ಕಂಪ್ಯೂಟರಿನ ಪರದೆಯ ಮೇಲೆ ಗಿರಗಿರನೆ ಸುತ್ತುವ ಆ ನೀಲಿ ಬಳೆಯನ್ನು ಎವೆಯಿಕ್ಕದೆ ನೋಡುತ್ತ ಕೂತರೆ ಸಹನೆ ಹೆಚ್ಚುತ್ತದೋ ರಕ್ತದೊತ್ತಡ ಹೆಚ್ಚುತ್ತದೋ ಎಂಬ ಜಿಜ್ಞಾಸೆಯನ್ನು ನಾನು ಸ್ವಾನುಭವದಿಂದಲೇ ಪರಿಹರಿಸಿಕೊಂಡಿದ್ದೇನೆ. ಸಹನೆಯಂತೂ ಹೆಚ್ಚುವುದಿಲ್ಲ.

ಆ ಭಾನುವಾರ ರಾಮನಗರದ ನಮ್ಮ ಮನೆಗೆ ಚನ್ನಪಟ್ಟಣದಿಂದ ಜಯಕ್ಕ ಬಂದಿದ್ದಳು. ನನ್ನ ದೊಡ್ಡಮ್ಮನ ಮಗಳು. ಇಪ್ಪತ್ತು ವರ್ಷದಿಂದ ಲೇತಿನ ಮುಂದೆ ಕೂತು ಮರದ ಆಟಿಕೆ ಕಡೆಯುವವಳು. ಅವಳ ಪುಟ್ಟ ರೈಲುಬಂಡಿಯನ್ನು ಮೆಚ್ಚಿದ್ದ ಶಿಶುವಿಹಾರವೊಂದು ಚಕ್ರಗಳನ್ನು ಒಸಿ ದೊಡ್ಡದು ಮಾಡಿ ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಕಳಿಸಲು ಹೇಳಿತ್ತು. ಅಂದು ಸಂಜೆ ಐದು ದಾಟಿದರೆ ಕೆಲಸ ಇನ್ನೊಬ್ಬರ ಪಾಲು. ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಪಾಠ ಹೇಳುವ ನಾನು ಅಲ್ಲಿನ ಲ್ಯಾಬಿನಲ್ಲೇ ನಕ್ಷೆ ಬರೆದಿಟ್ಟಿದ್ದೆ. ಜಯಕ್ಕ ಅದನ್ನು ತಿರುಗಿಸಿ ನೋಡಿ ಒಪ್ಪುವುದಷ್ಟೇ ಬಾಕಿ. ಭಾನುವಾರ ಲ್ಯಾಬಿಗೆ ಬೀಗ, ಹಾಗಾಗಿ ಮನೆಯ ಕಂಪ್ಯೂಟರೇ ಗತಿ.

ತೊಡಕೆಂದರೆ, ಮನೆಯಲ್ಲಿ ನಾನು ವಿಂಡೋಸ್ ಮುಟ್ಟದ ಲಿನಕ್ಸ್ ವ್ರತಸ್ಥ. ನಕ್ಷೆಯ ತಂತ್ರಾಂಶವೋ ವಿಂಡೋಸ್ ಬಿಟ್ಟು ಬೇರೆಲ್ಲೂ ಕಾಲಿಡದ ಮಡಿವಂತ. ಹೀಗಾಗಿ ನನ್ನ ಲಿನಕ್ಸ್ ಒಳಗೇ ವರ್ಚುವಲ್ ಮಷಿನ್ ಎಂಬ ಮಾಯಾಯಂತ್ರವೊಂದನ್ನು ಹೂಡಿ, ಅದರೊಳಗೆ ವಿಂಡೋಸನ್ನು ಅತಿಥಿಯಾಗಿ ಕೂರಿಸಿದ್ದೆ. ಪತ್ರ ಟೈಪಿಸಲು ಅಡ್ಡಿಯಿರಲಿಲ್ಲ. ಆದರೆ ರೈಲುಬಂಡಿಯನ್ನು ತಿರುಗಿಸಹೊರಟರೆ ಒಂದು ಅಂಗುಲ ಹೊರಳಲು ಒಂದು ನಿಮಿಷ. ಮುಂದೆ ಬಳೆಯೇ ಬಳೆ.

"ಇದೇನ್ಲಾ, ಅಳ್ಳಾಡ್ತಾನೇ ಇಲ್ವಲ್ಲ," ಎಂದಳು ಜಯಕ್ಕ.

ನಾನು ಎದ್ದೆ, ಕೂತೆ, ಫ್ಯಾನು ಜೋರು ಮಾಡಿದೆ, ಕಾರಣವಿಲ್ಲದೆ ಎರಡು ಸಲ ನೀರು ಕುಡಿದೆ. ಮೂರೂವರೆಯಾಯಿತು. "ನಕ್ಷೆ ಸರಿಯಾಗೇ ಇದೆ ಅಕ್ಕ, ಕಳಿಸಿಬಿಡ್ತೀನಿ," ಎಂದೆ.

"ನೋಡ್ದೆ ಕಳ್ಸಬ್ಯಾಡ ಕಣಪ್ಪ. ಕೂಸುಗಳು ಆಡೋ ಸಾಮಾನು."

ಮುನಿಸಿನಿಂದಲೇ ಈ ನಿಧಾನಕ್ಕೆ ಕಾರಣ ಹುಡುಕತೊಡಗಿದೆ. ತಪ್ಪು ಅತಿಥಿಯದಲ್ಲ, ಆತಿಥೇಯನದು ಎಂಬುದು ಆಗ ತಿಳಿಯಿತು. ಚಿತ್ರ ಬಿಡಿಸಲೆಂದೇ ಇರುವ ಗ್ರಾಫಿಕ್ಸ್ ಕಾರ್ಡು ಯಂತ್ರದಲ್ಲಿ ಆರಾಮಾಗಿ ಕೂತಿದ್ದರೂ ಅತಿಥಿಗೆ ಅದರ ಪರಿಚಯವನ್ನೇ ನಾನು ಮಾಡಿಸಿರಲಿಲ್ಲ. ಪಾಪದ ಪ್ರೊಸೆಸರ್ ಒಂದೇ ಲೆಕ್ಕವನ್ನೂ ಚಿತ್ರವನ್ನೂ ಹೊತ್ತು ಏದುತ್ತಿತ್ತು. ಮಾಯಾಯಂತ್ರವನ್ನು ಪೂರ್ತಿ ಆರಿಸಿ, ಅದರ ಸೆಟ್ಟಿಂಗಿನಲ್ಲಿ ಮೂರು ಆಯಾಮದ ವೇಗವರ್ಧನೆಯ ಚೌಕಕ್ಕೆ ಗುರುತು ಹಾಕಿ, ಚಿತ್ರಕ್ಕೆ ಮೀಸಲಾದ ಮೆಮೊರಿಯನ್ನು ಹೆಚ್ಚಿಸಿ, ಮತ್ತೆ ಹಚ್ಚಿ, ಒಳಗೆ ಕಾರ್ಡನ್ನು ಮಾತಾಡಿಸುವ ಡ್ರೈವರ್ ತಂತ್ರಾಂಶಗಳನ್ನು ಕೂರಿಸುವಷ್ಟರಲ್ಲಿ ನಾಲ್ಕು ಇಪ್ಪತ್ತು. ಮತ್ತೆ ಮೌಸ್ ಹಿಡಿದು ಎಳೆದೆ.

ರೈಲುಬಂಡಿ ಬೆಣ್ಣೆಯ ಮೇಲೆ ಜಾರಿದಂತೆ ತಿರುಗಿತು. ಗೆದ್ದವನ ಗತ್ತಿನಲ್ಲಿ ಬೀಗುತ್ತಿದ್ದ ನನ್ನ ಕೈಯಿಂದ ಜಯಕ್ಕ ಮೌಸ್ ಇಸಿದುಕೊಂಡಳು. ಕಂಪ್ಯೂಟರ್ ಮುಟ್ಟದವಳು, ಆದರೆ ತಿರುಗುವ ವಸ್ತುವನ್ನು ನೋಡುವುದರಲ್ಲಿ ಅವಳಿಗೆ ನನಗಿಂತ ಇಪ್ಪತ್ತು ವರ್ಷ ಹೆಚ್ಚು ಸರ್ವೀಸು. ಬಂಡಿಯನ್ನು ಮೆಲ್ಲಗೆ ಮಗುಚಿ, ಅಡಿಯನ್ನು ಮೇಲಕ್ಕೆ ತಂದು, ನಿಲ್ಲಿಸಿದಳು.

"ಇಲ್ನೋಡು. ಚಕ್ರಕ್ಕೂ ಪೆಟ್ಟಿಗೆಗೂ ಎಷ್ಟು ಸಂದು ಬುಟ್ಟಿದ್ದೀಯ. ಕೂಸಿನ ಬೆರಳು ತೂರ್ತದೆ. ಆಮೇಲೆ ಚಕ್ರ ತಿರುಗ್ತದೆ."

ನೋಡಿದೆ. ಚಕ್ರ ದೊಡ್ಡದು ಮಾಡುವಾಗ ಅಚ್ಚನ್ನೂ ಉದ್ದ ಮಾಡಿಬಿಟ್ಟಿದ್ದೆ. ಮೇಲಿನಿಂದ ಕಾಣದ ಆ ಸಂದು ಅಡಿಯಿಂದ ಬಾಯಿ ತೆರೆದು ನಿಂತಿತ್ತು. ತಪ್ಪಿಗೆ ಕಾರಣವಾಗಿ ಹೇಳಲು ಯಂತ್ರವಿರಲಿಲ್ಲ, ವಿಂಡೋಸಿರಲಿಲ್ಲ, ಬರೆದವನು ನಾನೇ.

ಅವಳು ಹೇಳುತ್ತ ಹೋದಳು, ನಾನು ತಿದ್ದುತ್ತ ಹೋದೆ. ಐದಕ್ಕೆ ಹತ್ತು ನಿಮಿಷವಿರುವಾಗ ನಕ್ಷೆ ಹೊರಟಿತು. ಆ ವಾರದಲ್ಲೇ ಕೆಲಸ ಅವಳದಾಯಿತು.

ನಕ್ಷೆ ಕಳಿಸಿದ ಆ ಸಂಜೆ ಅವಳನ್ನು ಸ್ಟೇಷನ್ನಿಗೆ ಬಿಡಲು ಹೋದಾಗ ನನಗಿನ್ನೂ ನೆಮ್ಮದಿಯಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅತ್ತಿತ್ತ ಓಡಾಡಿ ಕೊನೆಗೆ ಹೇಳಿದೆ: "ನೀನಿಲ್ದಿದ್ರೆ ನಾನು ಮೂರೂವರೆಗೇ ಕಳಿಸಿಬಿಡ್ತಿದ್ದೆ ಅಕ್ಕ."

"ಗೊತ್ತು ಕಣ," ಎಂದಳು ಜಯಕ್ಕ. "ಅದ್ಕೇ ನಾನು ಎದ್ದು ಹೋಗ್ಲಿಲ್ಲ."