ತೊಳೆದ ಕಾಲು ತೊಳೆದ ದೊಡ್ಡಣ್ಣ

ನಾನು ಚಿಕ್ಕವಳಿದ್ದಾಗ ಒಂದೇ ಮಧ್ಯಾಹ್ನ ಇಪ್ಪತ್ತೆರಡು ಕಾಲು ತೊಳೆದಿದ್ದೇನೆ. ದನದ ಕಾಲಲ್ಲ, ಮನುಷ್ಯರದು. ಎಲ್ಲರೂ ಕಾಲೇಜು ಓದುತ್ತಿದ್ದವರು. ಆ ವಾಸನೆ ಇವತ್ತು ನೆನೆದರೂ ಅನ್ನ ಸೇರುವುದಿಲ್ಲ. ಅದಕ್ಕಿಂತ ದೊಡ್ಡ ಹೇಸಿಗೆ ಆಮೇಲೆ ಆಯಿತು. ಹೇಳುತ್ತೇನೆ, ಊಟ ಮುಗಿಸಿ ಬಂದು ಓದಿ.

ಆಗ ನನಗೆ ಒಂಬತ್ತು ವರ್ಷ. ನಾವಿದ್ದದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯವರು ಕೊಟ್ಟ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ನಲ್ಲಿ. ಅಪ್ಪ ಕಬ್ಬಿಣ ಕರಗಿಸುವ ಕಡೆ ಕೆಲಸ ಮಾಡುತ್ತಿದ್ದ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಳು. ಬೆಳಿಗ್ಗೆ ಎದ್ದು ಅಡುಗೆ ಮಾಡಿ, ಅಪ್ಪನ ಬುತ್ತಿ ಕಟ್ಟಿ, ನನಗೆ ಎರಡು ಜಡೆ ಹಾಕಿ, ರೈಲು ಹಿಡಿಯಲು ಓಡುತ್ತಿದ್ದಳು. ನಮ್ಮ ಸಾಲು ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಹೆಣ್ಣು ಅವಳೊಬ್ಬಳೇ. ನಾನು ನಾಲ್ಕನೇ ಕ್ಲಾಸಿಗೆ ನಿಂತೆ. ಅದಕ್ಕೆ ಯಾರ ತಪ್ಪೂ ಇಲ್ಲ, ನನಗೇ ಓದು ಹತ್ತಲಿಲ್ಲ.

ನಾವು ಕ್ರೈಸ್ತರು. ಕಾಲೇಜಿನಲ್ಲಿ ಅಕ್ಕ ಶುಕ್ರವಾರ ಶುಕ್ರವಾರ ಹೊಂಗೆ ಮರದ ಕೆಳಗೆ ನಾಲ್ಕು ಜನರನ್ನು ಸೇರಿಸಿ ಪ್ರಾರ್ಥನೆ ಮಾಡುತ್ತಿದ್ದಳು. ಮೊದಲು ಮೂವರು ಇದ್ದರಂತೆ, ಆಮೇಲೆ ಹದಿನೈದು ಜನರಾದರು. ಒಬ್ಬಳಿಗೆ ಹಾಸ್ಟೆಲಿನ ಊಟ ಸೇರುವುದಿಲ್ಲ, ಒಬ್ಬನಿಗೆ ಗಣಿತದ ಭಯ. ಒಂದು ಹಾಡು, ಒಂದು ಪ್ರಾರ್ಥನೆ, ಆಮೇಲೆ ಒಬ್ಬರ ನೋಟ್ಸು ಇನ್ನೊಬ್ಬರಿಗೆ. ಇಂಥ ಗುಂಪುಗಳನ್ನು ನೋಡಿಕೊಳ್ಳಲು ಹಳೇ ವಿದ್ಯಾರ್ಥಿಗಳ ಒಂದು ಸಂಘ ಇತ್ತು. ಓದಿ ಮುಗಿಸಿ ಇಂಜಿನಿಯರು, ಡಾಕ್ಟರು, ಆಫೀಸರು ಆದವರು ಅದರಲ್ಲಿ ಇದ್ದರು. ವಿದ್ಯಾರ್ಥಿಗಳು ಅವರನ್ನೆಲ್ಲ ‘ಅಣ್ಣ’ ಎನ್ನುತ್ತಿದ್ದರು. ಎಲ್ಲರಿಗಿಂತ ಮೇಲಿದ್ದವನು ದೊಡ್ಡಣ್ಣ. ಅವನ ಹೆಂಡತಿ ಎಲ್ಲರಿಗೂ ಅತ್ತಿಗೆ.

ಆ ವರ್ಷ ಸಂಘದವರು ಒಂದು ತೀರ್ಮಾನ ಮಾಡಿದ್ದರು. ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು ಆರಿಸಿ, ಒಂದು ವರ್ಷ ಬೆಂಗಳೂರಿನಲ್ಲಿ ಮುಂದಾಳುತನದ ತರಬೇತಿ ಕೊಡಿಸುವುದು. ಬಂದ ಮೇಲೆ ಊರೂರು ಕಾಲೇಜು ಸುತ್ತಿ ಇಂಥ ಗುಂಪು ಕಟ್ಟುವ ಕೆಲಸ ಅವರದ್ದೇ. ಅಕ್ಕನಿಗೆ ಆ ಕೆಲಸದ ಮೇಲೆ ಪ್ರಾಣವೇ ಇತ್ತು. ಎರಡು ತಿಂಗಳಿಂದ ಅದೇ ಮಾತು, ಅದೇ ಕನಸು. ನನಗೆ ಮಾತ್ರ ನನ್ನದೇ ಚಿಂತೆ. ಅವಳು ಹೋದರೆ ನನ್ನ ಜಡೆ ಯಾರು ಹಾಕುತ್ತಾರೆ? ಅಪ್ಪನಿಗೆ ಮುದ್ದೆ ಯಾರು ತಿರುವುತ್ತಾರೆ? ಆರಿಸುವ ದಿನ ಬೆಳಿಗ್ಗೆ ನಾನು ಮೊಣಕಾಲೂರಿ, “ಸ್ವಾಮೀ, ಅಕ್ಕನ್ನ ಮಾತ್ರ ಆರಿಸ್ಬೇಡಪ್ಪ” ಎಂದು ಬೇಡಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಹೊಲಸು ತೋರಿಸುವ ಮುಂಚೆ ನನ್ನದನ್ನು ತೋರಿಸಬೇಕಲ್ಲ.

ಕೂಟ ನಡೆದದ್ದು ನ್ಯೂ ಟೌನಿನಲ್ಲೇ, ನಮ್ಮ ಪ್ರಾರ್ಥನಾ ಮಂದಿರದ ಪಕ್ಕದ ಹಾಲಿನಲ್ಲಿ. ಮೂವತ್ತು ಜನ ವಿದ್ಯಾರ್ಥಿಗಳು ಬಂದಿದ್ದರು. ನನ್ನನ್ನು ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲವಾದ್ದರಿಂದ ಅಕ್ಕ ಜೊತೆಗೆ ಕರೆದುಕೊಂಡು ಹೋಗಿದ್ದಳು. ಬೆಳಿಗ್ಗೆ ದೊಡ್ಡಣ್ಣ ವೇದಿಕೆ ಹತ್ತಿ ನಿಂತು, “ಲೀಡರ್ ಆಗೋನು ಎಲ್ಲರಿಗಿಂತ ಕೆಳಗೆ ಕೂತ್ಕೋಬೇಕು” ಎಂದು ಒಂದು ಗಂಟೆ ಹೇಳಿದ. ಅವನ ಕರವಸ್ತ್ರದ ಅತ್ತರು ಮೂರನೇ ಸಾಲಿಗೂ ಹೊಡೆಯುತ್ತಿತ್ತು. ಆಮೇಲೆ ಶ್ರಮದಾನ. ಹಾಲಿನ ಹಿಂದಿನ ಚರಂಡಿ ಕಟ್ಟಿಕೊಂಡು ಎಷ್ಟು ತಿಂಗಳಾಗಿತ್ತೋ ಏನೋ. ವಿದ್ಯಾರ್ಥಿಗಳು ಅದಕ್ಕಿಳಿದರು. ಕೊಳೆತ ಅನ್ನ, ಮೀನಿನ ಪೊರೆ, ಬಾಚಣಿಗೆಯಿಂದ ಎಸೆದ ಕೂದಲಿನ ಉಂಡೆ, ಎಲ್ಲ ಸೇರಿ ಕಪ್ಪು ಗಸಿ. ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ಅದರಲ್ಲಿ ನಿಂತು ಬಾಣಲಿ ತುಂಬಿಸಿ ಕೊಡುತ್ತಿದ್ದಳು. ಅಣ್ಣಂದಿರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ, “ಆ ಮೂಲೇಲಿ ಇನ್ನೂ ಇದೆ ನೋಡಪ್ಪಾ” ಎಂದು ಬೆರಳು ತೋರಿಸುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಕಾಲು ತೊಳೆಯುವ ಆರಾಧನೆ ಇತ್ತು. ಯೇಸುಸ್ವಾಮಿ ಸಾಯುವ ಹಿಂದಿನ ದಿನ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತಾನೇ ತೊಳೆದ ಕಥೆ ನಿಮಗೆ ಗೊತ್ತಲ್ಲ. ಗುರುವೇ ಬಗ್ಗಿದ ಮೇಲೆ ನೀವು ಯಾರ ಮುಂದೆ ಬೀಗುತ್ತೀರಿ ಎಂಬುದು ಅದರ ಅರ್ಥ. ಅವತ್ತು ದೊಡ್ಡಣ್ಣ ಹನ್ನೆರಡು ಜನರ ಕಾಲು ತೊಳೆಯುವುದು, ಅಕ್ಕ ಪಕ್ಕದಲ್ಲಿ ನಿಂತು ವಾಕ್ಯ ಓದುವುದು ಎಂದಾಗಿತ್ತು. ಓದಲು ನಿಲ್ಲಿಸಿದವಳನ್ನೇ ಆರಿಸುತ್ತಾರೆ ಎಂದು ಎಲ್ಲರೂ ಮಾತಾಡಿಕೊಂಡರು. ಬೆಂಚಿನಲ್ಲಿ ಕೂರಲು ಹನ್ನೊಂದು ವಿದ್ಯಾರ್ಥಿಗಳು, ಇನ್ನೊಬ್ಬ ಕಾರ್ಖಾನೆಯ ಕೆಲಸಗಾರ. “ಒಬ್ಬ ಲೇಬರ್ ಇದ್ರೆ ಫೋಟೋಗೆ ಒಂದು ತೂಕ” ಎಂದು ದೊಡ್ಡಣ್ಣನೇ ಹೇಳಿದ್ದ.

“ನಮ್ಮಪ್ಪನೇ ಬರ್ತಾರೆ ಅಣ್ಣ” ಎಂದು ಅಕ್ಕ ಹಿಗ್ಗಿ ಒಪ್ಪಿಕೊಂಡಿದ್ದಳು.

“ಸ್ನಾನ ಮಾಡ್ಕೊಂಡು ಬಿಳೀ ಪಂಚೆ ಉಟ್ಕೊಂಡು ಬರೋಕೆ ಹೇಳಮ್ಮ” ಎಂದಿದ್ದಳು ಅತ್ತಿಗೆ.

ಎಲ್ಲರೂ ಕೈ ಮಾತ್ರ ತೊಳೆದುಕೊಂಡು ಹಿತ್ತಲಲ್ಲೇ ಊಟ ಮುಗಿಸಿದ ಮೇಲೆ ಅತ್ತಿಗೆ ನನ್ನನ್ನು ಕರೆದಳು. “ಏ ಪುಟ್ಟಿ, ಬಾ ಇಲ್ಲಿ. ಒಳ್ಳೇ ಹುಡುಗಿ ಅಲ್ವಾ ನೀನು?” ಹೀಗೆ ಕೇಳಿದವರು ಕೆಲಸ ಹೇಳದೆ ಬಿಟ್ಟದ್ದನ್ನು ನಾನು ಈ ವಯಸ್ಸಿನ ತನಕ ಕಂಡಿಲ್ಲ. ಒಂದು ಬಕೆಟ್ಟು, ಕೆಂಪು ಸೋಪು, ತೆಂಗಿನ ನಾರು ಕೈಗೆ ಕೊಟ್ಟಳು. “ಹಿಂದೆ ಕಲ್ಲಿನ ಹತ್ರ ಆ ಹನ್ನೊಂದು ಜನರ ಕಾಲು ಚೆನ್ನಾಗಿ ಉಜ್ಜಿಬಿಡು. ಆಮೇಲೆ ಅಣ್ಣಂಗೆ ತೊಂದ್ರೆ ಆಗ್ಬಾರ್ದು.”

ಒಬ್ಬ ವಿದ್ಯಾರ್ಥಿ, “ಅತ್ತಿಗೆ, ನಾವೇ ತೊಳ್ಕೋತೀವಿ” ಎಂದ.

“ನಿಮಗೆಲ್ಲಿ ಟೈಮಿದೆ? ಹಾಡು ಪ್ರಾಕ್ಟೀಸ್ ಮಾಡಿ” ಎಂದಳು.

ಅವರು ಕಲ್ಲಿನ ಮೇಲೆ ಸಾಲಾಗಿ ಕೂತು ಪ್ರೀತಿಯ ಮೇಲೆ ಒಂದು ಹಾಡು ಹಾಡುತ್ತಿದ್ದರು, ನಾನು ಕೆಳಗೆ ಕೂತು ಉಜ್ಜುತ್ತಿದ್ದೆ. ಒಬ್ಬನ ಹಿಮ್ಮಡಿ ಬೇಸಿಗೆಯ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು, ಬಿರುಕಿನೊಳಗೆಲ್ಲ ಗಸಿ. ಇನ್ನೊಬ್ಬನ ಬೆರಳಿನ ಸಂದಿಯಲ್ಲಿ ಇಸುಬು ನೀರಾಡುತ್ತಿತ್ತು. ಒಂದು ಹೆಬ್ಬೆರಳಿಗೆ ಮೀನಿನ ಪೊರೆ ಅಂಟಿಕೊಂಡು ಉಗುರಿನಲ್ಲಿ ಕೀಳಬೇಕಾಯಿತು. ಐದನೆಯವನ ಹೊತ್ತಿಗೆ ಗೋಡೆಯ ಬದಿಗೆ ಓಡಿ ವಾಂತಿ ಮಾಡಿದೆ. ಬಾಯಿ ತೊಳೆದುಕೊಂಡು ಬಂದು ಆರನೆಯವನ ಕಾಲು ಹಿಡಿದೆ. ಕೊನೆಯವಳು ನಾಚಿಕೊಂಡು ಕಾಲು ಹಿಂದಕ್ಕೆ ಎಳೆದುಕೊಂಡು, ನನಗೊಂದು ಪೆಪ್ಪರ್‌ಮೆಂಟು ಕೊಟ್ಟಳು. ಆ ಕೈಯಲ್ಲಿ ಅದನ್ನು ತಿನ್ನುವುದು ಹೇಗೆ? ಚರಂಡಿಗೆ ಎಸೆದೆ. ಅತ್ತಿಗೆ ಬಂದು ಬಗ್ಗಿ ಬೆರಳ ಸಂದಿಗಳನ್ನೆಲ್ಲ ನೋಡಿ, “ಪರವಾಗಿಲ್ಲ” ಎಂದಳು. ಒಳಗೆ ವಾಕ್ಯ ಓದಿಕೊಳ್ಳುತ್ತಿದ್ದ ಅಕ್ಕ ನನ್ನ ಕೈ ನೋಡಿ ಏನಾಯಿತೆಂದು ಕೇಳಿ ತಿಳಿದುಕೊಂಡಳು, ಅಷ್ಟರಲ್ಲಿ ಆರಾಧನೆಗೆ ಕರೆದರು.

ಮೂರು ಗಂಟೆಗೆ ಹಿತ್ತಾಳೆ ತಟ್ಟೆ ಬಂತು. ಬೆಚ್ಚನೆ ನೀರು, ಮೇಲೆ ಗುಲಾಬಿ ಎಸಳು. ದೊಡ್ಡಣ್ಣನ ಹೆಗಲಿಗೆ ಮಲ್ಲಿಗೆಯಷ್ಟು ಬಿಳಿ ಟವೆಲ್ಲು. ಶಿವಮೊಗ್ಗದಿಂದ ಕರೆಸಿದ ಫೋಟೋದವನು ಒಂದು ಕಣ್ಣು ಮುಚ್ಚಿಕೊಂಡು ಸಿದ್ಧನಾಗಿದ್ದ. ಅಪ್ಪ ಮಾತ್ರ ಬಂದಿರಲಿಲ್ಲ. ಶಿಫ್ಟು ಎರಡಕ್ಕೇ ಮುಗಿಯಬೇಕಿತ್ತು, ಅವನ ಜಾಗಕ್ಕೆ ಬರುವವನು ತಡಮಾಡಿದ್ದ. ಆರಾಧನೆ ಶುರುವಾದ ಮೇಲೆ ಕಾರ್ಖಾನೆಯಿಂದ ನೇರ ಓಡಿ ಬಂದ. ಸ್ನಾನ ಇಲ್ಲ, ಪಂಚೆ ಇಲ್ಲ. ಖಾಕಿ ಬಟ್ಟೆ, ಮುಖದ ತುಂಬ ಮಸಿ. ಬಾಗಿಲಲ್ಲಿ ಬೂಟು ಬಿಚ್ಚಿದಾಗ ಹಾಲಿನೊಳಗೆ ಒಂದು ವಾಸನೆ ನುಗ್ಗಿತು. ಒಂಬತ್ತು ಗಂಟೆ ಹೊತ್ತು ಬೆಂಕಿಯ ಮುಂದೆ ಬೆವೆತ ಕಾಲು, ಕಬ್ಬಿಣದ ಪುಡಿ ಮೆತ್ತಿಕೊಂಡು ಕಪ್ಪಗೆ ಹೊಳೆಯುತ್ತಿತ್ತು. ಅತ್ತಿಗೆ ಕಣ್ಣಲ್ಲೇ ತಡೆಯಲು ನೋಡಿದಳು. ಅಪ್ಪನಿಗೆ ಕಣ್ಣಿನ ಭಾಷೆ ತಿಳಿಯದು. ಹೋಗಿ ಹನ್ನೆರಡನೇ ಜಾಗದಲ್ಲಿ ಕೂತ.

ದೊಡ್ಡಣ್ಣ ಒಬ್ಬೊಬ್ಬರ ಕಾಲನ್ನೂ ತಟ್ಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಸವರಿ, ಟವೆಲ್ಲಿನಿಂದ ಒತ್ತಿ ಒರೆಸುತ್ತಾ ಬಂದ. ಮಧ್ಯೆ ಮಧ್ಯೆ ಕಣ್ಣೀರು ಬೇರೆ. ಅಣ್ಣಂದಿರೂ ಮೂಗು ಸೀಟಿದರು. ಹನ್ನೊಂದು ಜನರ ಕಾಲು ತೊಳೆದರೂ ತಟ್ಟೆಯ ನೀರು ತಿಳಿಯಾಗಿಯೇ ಇತ್ತು. ನಾನು ಮೂಲೆಯಲ್ಲಿ ನಿಂತು ಆ ನೀರನ್ನೇ ನೋಡುತ್ತಿದ್ದೆ.

ಅಪ್ಪನ ಮುಂದೆ ಬಂದು ಬಗ್ಗಿದವನು ಹಾಗೇ ನಿಂತ. ಮೂಗಿನ ಹೊಳ್ಳೆ ಎರಡೂ ಮೇಲೆದ್ದವು, ತುಟಿ ಒಂದು ಕಡೆ ಎಳೆದುಕೊಂಡಿತು. ಎರಡು ಬೆರಳು ಅದ್ದಿ, ಅಪ್ಪನ ಬಲಗಾಲಿನ ಮೇಲೆ ನಾಲ್ಕು ಹನಿ ಚಿಮುಕಿಸಿದ. ಟವೆಲ್ಲಿನಲ್ಲಿ ತನ್ನ ಬೆರಳನ್ನೇ ಒರೆಸಿಕೊಂಡು ಎದ್ದುಬಿಟ್ಟ.

ಅಕ್ಕ ಓದುವುದನ್ನು ನಿಲ್ಲಿಸಿದಳು.

“ಮುಂದೆ ಓದಮ್ಮ” ಎಂದ ದೊಡ್ಡಣ್ಣ.

“ಅಣ್ಣ, ಇವರದ್ದು ಇನ್ನೂ ತೊಳೆದಿಲ್ಲ.”

“ಆಯ್ತಲ್ಲಮ್ಮ. ಇದೆಲ್ಲ ಸಾಂಕೇತಿಕ.”

ಸಾಂಕೇತಿಕ ಎಂದರೇನು ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಮಾತು ಕೇಳಿದಾಗಲೆಲ್ಲ ಉಗಿಯಬೇಕು ಅನಿಸುತ್ತದೆ.

“ಸಾಂಕೇತಿಕ ಆಗಿದ್ರೆ ಆ ಹನ್ನೊಂದು ಜನರ ಕಾಲನ್ನ ನನ್ನ ತಂಗಿ ಕೈಲಿ ಯಾಕೆ ಉಜ್ಜಿಸಿದ್ರಿ?” ಎಂದಳು ಅಕ್ಕ. ದನಿ ಏರಿಸಲಿಲ್ಲ, ಬೆಲೆ ಕೇಳುವ ಹಾಗೆ ಕೇಳಿದಳು.

ಹಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಫ್ರಾಕು ಮೊಣಕಾಲಿನ ತನಕ ಒದ್ದೆ, ಉಗುರಿನ ತುಂಬ ಚರಂಡಿ. ಕೈ ಹಿಂದೆ ಅಡಗಿಸಿಕೊಂಡೆ. ಅಪ್ಪ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡು, “ಸಾಕು ಬಿಡೇ, ಓದೇ” ಎಂದು ಗೊಣಗಿದ. ಬೆಂಚಿನ ಮೇಲಿದ್ದ ಹನ್ನೊಂದು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಪೆಪ್ಪರ್‌ಮೆಂಟು ಕೊಟ್ಟವಳೂ ಇಲ್ಲ.

ಅಣ್ಣಂದಿರು ಒಳಗಿನ ಕೋಣೆಯಲ್ಲಿ ಅರ್ಧ ಗಂಟೆ ಕೂತು ಹೊರಗೆ ಬಂದು ಹೆಸರು ಹೇಳಿದರು. ಬೆಳಿಗ್ಗೆಯಿಂದ ದೊಡ್ಡಣ್ಣನ ಬ್ಯಾಗು ಹಿಡಿದು ತಿರುಗುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಆರಿಸಿದ್ದರು. ಚರಂಡಿಗೂ ಅವನು ಇಳಿದಿರಲಿಲ್ಲ. ಅತ್ತಿಗೆ ಅಕ್ಕನ ಬೆನ್ನು ಸವರಿ, “ನೀನು ಚುರುಕು ಕಣಮ್ಮ, ಆದ್ರೆ ತಗ್ಗಿ ನಡೆಯೋ ಗುಣ ಇಲ್ಲ. ಲೀಡರ್‌ಗೆ ಅದೇ ಮುಖ್ಯ” ಎಂದಳು. ಆರಿಸಿದವನಿಗೆ ಅಕ್ಕನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಬೈಯುತ್ತಲೇ ಬಂದ. “ಬಾಯಿ ಮುಚ್ಕೊಂಡು ಓದೋಕೆ ನಿನಗೇನಾಗಿತ್ತೇ? ನನ್ನ ಕಾಲು ತೊಳೀರಿ ಅಂತ ನಾನೇನು ಅರ್ಜಿ ಹಾಕಿದ್ನಾ?”

“ಅವರೇ ಕರೆದಿದ್ದಲ್ವಾ ಅಪ್ಪ.”

“ಕರೆದ್ರು, ಹೋದೆ. ನಾಲ್ಕು ಹನಿ ಹಾಕಿದ್ರು. ನನ್ನ ಗಂಟೇನು ಹೋಯ್ತು? ಹೋಗಿದ್ದು ನಿಂದು.”

ಮನೆಯಲ್ಲಿ ಅಕ್ಕ ಬಕೆಟ್ಟಿನಲ್ಲಿ ನೀರು ತಂದು ಅವನ ಮುಂದೆ ಕೂತಳು. ಅಪ್ಪ ಕಾಲು ಎತ್ತಿಕೊಂಡುಬಿಟ್ಟ. “ಏ ಹೋಗೇ ಮಾರಾಯ್ತಿ! ಇವತ್ತು ನನ್ನ ಕಾಲಿಗೆ ಆದ ಮರ್ಯಾದೆ ಸಾಕು.” ತಾನೇ ಇಟ್ಟಿಗೆ ಚೂರು ತಗೊಂಡು ಉಜ್ಜಿಕೊಂಡ. ಮೂರು ಬಕೆಟ್ಟು ನೀರು ಕಪ್ಪಾಗಿ ಹೋಯಿತು.

ಅಕ್ಕ ಎದ್ದು ಹುಣಸೆಹಣ್ಣು ತಂದು ನನ್ನ ಕೈ ಹಿಡಿದುಕೊಂಡಳು. ಹೇರ್‌ಪಿನ್ನಿನಿಂದ ಒಂದೊಂದೇ ಉಗುರು ಕೆರೆದು ಗಸಿ ತೆಗೆದಳು. ಹತ್ತನೇ ಉಗುರಿಗೆ ಬಂದಳು. ನನಗೆ ತಡೆಯಲಾಗಲಿಲ್ಲ. “ಅಕ್ಕ, ನಿನ್ನನ್ನ ಆರಿಸ್ಬಾರ್ದು ಅಂತ ಬೆಳಿಗ್ಗೆ ನಾನೇ ಪ್ರಾರ್ಥನೆ ಮಾಡಿದ್ದೆ” ಎಂದೆ.

“ಗೊತ್ತು ಬಿಡು. ಒಲೆ ಹತ್ರ ಕೇಳಿಸ್ತಿತ್ತು” ಎಂದಳು.

ಮಾರನೇ ದಿನ ಕಣ್ಣು ಎಳೆದುಕೊಳ್ಳುವಷ್ಟು ಬಿಗಿಯಾಗಿ ಜಡೆ ಹಾಕಿದಳು. ನಾನು ಕಿಟಾರನೆ ಕಿರುಚಲಿಲ್ಲ, ಕಿರುಚುವ ಮುಖ ನನಗೆಲ್ಲಿತ್ತು?

ಅಕ್ಕ ಆಮೇಲೆ ಹೈಸ್ಕೂಲಿನಲ್ಲಿ ಟೀಚರಾದಳು. ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿ, ಶುಕ್ರವಾರದ ಪ್ರಾರ್ಥನೆಯನ್ನು ಮೂವತ್ತು ವರ್ಷ ಬಿಡದೆ ನಡೆಸಿದಳು. ಯಾವ ಸಂಘವೂ ಅವಳನ್ನು ಲೀಡರ್ ಎನ್ನಲಿಲ್ಲ. ಬಂದ ಕಾಲೇಜು ಮಕ್ಕಳಿಗೆ ಚಿತ್ರಾನ್ನ ಹಾಕಿ, ಫೇಲಾದವರಿಗೆ ಬೈದು, ಜ್ವರ ಬಂದವರ ವಾಂತಿ ಬಳಿದು ಕಳಿಸುತ್ತಿದ್ದಳು. ಅವರೆಲ್ಲ ಒಳ್ಳೆಯವರಾದರು ಎಂದು ನಾನು ಸುಳ್ಳು ಹೇಳುವುದಿಲ್ಲ. ಕೆಲವರು ದೊಡ್ಡಣ್ಣನ ಹಾಗೇ ಆದರು. ಅವಳು ಸತ್ತ ದಿನ ಮಾತ್ರ ಮನೆಯ ಮುಂದೆ ಚಪ್ಪಲಿ ಇಡಲು ಜಾಗ ಇರಲಿಲ್ಲ.

ಈಗ ನಿಮ್ಮ ಕಾಲ. ಮೊನ್ನೆ ನನ್ನ ಮೊಮ್ಮಗಳು ಅಂಥದೇ ಒಂದು ಕೂಟಕ್ಕೆ ಶಿವಮೊಗ್ಗಕ್ಕೆ ಹೋಗಿ ಬಂದಳು. ಹೋಟೆಲಿನ ಎಸಿ ಹಾಲಂತೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಎದೆಯ ಮೇಲೆ ‘ಸೇವಕ ನಾಯಕ’ ಎಂದು ಅಚ್ಚು. ಅವಳು ಚರಂಡಿ ಎತ್ತಲಿಲ್ಲ, ರೈಲಿಗೆ ಓಡಲಿಲ್ಲ, ತಂಗಿಗೆ ಜಡೆ ಹಾಕಲಿಲ್ಲ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಸುಖವಾಗಿ ಓದಲಿ. ಅಲ್ಲೂ ಒಬ್ಬ ಹಳೇ ವಿದ್ಯಾರ್ಥಿ ಕಾಲು ತೊಳೆದನಂತೆ. ಫೋನಿನಲ್ಲಿ ವಿಡಿಯೋ ತೋರಿಸಿದಳು. ಹಿಂದೆ ಹಾಡು, ಅಳು, ಎಲ್ಲ ಇತ್ತು. ನಾನು ಕನ್ನಡಕ ಹಾಕಿಕೊಂಡು ನೀರನ್ನು ನೋಡಿದೆ. ತಿಳಿಯಾಗಿತ್ತು.

“ಈ ಕಾಲುಗಳನ್ನ ಮೊದಲು ಯಾರು ತೊಳೆದ್ರೇ?” ಎಂದು ಕೇಳಿದೆ.

“ಅಯ್ಯೋ ಅಜ್ಜಿ, ಎಲ್ಲರೂ ಕಾಲು ಕ್ಲೀನ್ ಮಾಡ್ಕೊಂಡೇ ಬನ್ನಿ ಅಂತ ಹಿಂದಿನ ದಿನಾನೇ ಗ್ರೂಪಲ್ಲಿ ಮೆಸೇಜ್ ಹಾಕಿದ್ರು” ಎಂದಳು.

ಅದಕ್ಕೇ ಇದನ್ನು ಬರೆದೆ. ಯೇಸುಸ್ವಾಮಿಯ ಮೇಲೆ ನನಗೆ ಸಿಟ್ಟಿಲ್ಲ, ಅವನು ತೊಳೆದದ್ದು ಧೂಳು ತುಂಬಿದ ಕಾಲು. ನಿಮ್ಮನ್ನು ಯಾರಾದರೂ ಹಾಗೆ ಬೆಂಚಿನಲ್ಲಿ ಕೂರಲು ಕರೆದರೆ, ಮೆಸೇಜು ಓದಬೇಡಿ. ಗದ್ದೆಯಲ್ಲೋ ಚರಂಡಿಯಲ್ಲೋ ಕಾಲು ಅದ್ದಿಕೊಂಡು ಹೋಗಿ ಕೂರಿ. ತೊಳೆಯುವವನ ಮಾತು ಕೇಳಬೇಡಿ, ಕಣ್ಣೀರು ನೋಡಬೇಡಿ. ಬಗ್ಗಿದಾಗ ಮೂಗು ನೋಡಿ. ಮೂಗು ಮುರಿದರೂ ಪರವಾಗಿಲ್ಲ, ನಾನೂ ವಾಂತಿ ಮಾಡಿದವಳೇ. ಆಮೇಲೆ ಬಾಯಿ ತೊಳೆದುಕೊಂಡು ವಾಪಸು ಬರುತ್ತಾನಾ, ಅಷ್ಟು ನೋಡಿ.