ಅಜ್ಜಿ ತಂಬೂರಿ ಹಿಡಿದ ದಿನ

ಇವತ್ತು ರಾಮನಗರದ ಬೀದಿಯೊಂದರಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಯಿತು. ನಾನು ನಿಂತಲ್ಲೇ ಅಜ್ಜಿಯ ಮಡಿಲಿಗೆ ಹೋಗಿಬಿಟ್ಟೆ. ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಅವಳ ಸೀರೆಗೆ ಸದಾ ಇದೇ ವಾಸನೆ.

ಅಜ್ಜ ತಂಬೂರಿ ಮೀಟುತ್ತಾ ತತ್ವಪದ ಹಾಡುತ್ತಿದ್ದ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಹಾಡುವುದನ್ನೂ ಬಿಟ್ಟ.

ಒಂದು ಮಧ್ಯಾಹ್ನ ಅಜ್ಜಿ ತಂಬೂರಿ ಇಳಿಸಿ, ಧೂಳು ಒರೆಸಿ, ಹೊಸ ತಂತಿ ಕಟ್ಟಿ ಮೀಟಿದಳು. ಬರೀ ಟಣ್ ಎಂದಿತು. ಅಜ್ಜ ಮಂಚದಿಂದಲೇ ತೊದಲಿದ, "ತಂತಿ ಕೆಳೀಕೆ ಒಂದೆಳೆ ರೇಸ್ಮೆ ಇಕ್ಕಮ್ಮಿ, ಜೀವ ಬತ್ತದೆ."

ಅಜ್ಜಿ ಸೆರಗಿಗೆ ಅಂಟಿದ್ದ ಎಳೆಯೊಂದನ್ನು ಬಿಡಿಸಿ ತಂತಿಯಡಿ ತೂರಿಸಿ, ಮೀಟಿ ನೋಡುತ್ತಾ ಅಜ್ಜ ಹೇಳಿದಂತೆ ಸರಿಸತೊಡಗಿದಳು.

"ಒಸಿ ಮುಂದ್ಕೆ... ಇನ್ನೊಸಿ... ಹ್ಞಾಂ, ಸಾಕು!"

ಜೇನುಹುಳುಗಳು ಎದ್ದಂತೆ ಗುಂಯ್ ಎಂಬ ನಾದ ಮನೆಯಿಡೀ ತುಂಬಿತು. ಅದರೊಳಗಿಂದ ಅಜ್ಜನ ದನಿ ಮೆಲ್ಲಗೆ ಹೊರಟಿತು. ಅಜ್ಜಿಯ ತೊಡೆಗೆ ಒರಗಿದ್ದ ನನ್ನ ಕೆನ್ನೆಯೂ ಸಣ್ಣಗೆ ನಡುಗುತ್ತಿತ್ತು.

ಆ ಸೋಮವಾರ ಇಬ್ಬರೂ ಭಜನೆಮನೆಗೆ ಹೋದರು. "ಹೆಂಗ್ಸು ತಂಬೂರಿ ಮೀಟೋದಾ?" ಎಂದ ಒಬ್ಬ.

"ಅವಳ ಕೈನೇ ಈಗ ನನ್ ಕೈ ಕಣ್ಲಾ, ಕುಂತ್ಕೊ," ಎಂದ ಅಜ್ಜ. ಅವನು ಕುಂತ.

ಅಂದು ಹಾಡಿದ ಪದ ಯಾವುದೆಂದು ಕೇಳೋಣವೆಂದರೆ ಈಗ ಇಬ್ಬರೂ ಇಲ್ಲ. ಬಾಯಿಗೆ ಬಂದ ರಾಗ ಗುನುಗುತ್ತಾ ಮಾರ್ಕೆಟ್ಟಿನ ಕಡೆ ನಡೆದೆ.