ಅತ್ತೆ ಕಂಡ ಮುತ್ತುಗ

ನಮ್ಮ ಅತ್ತೆಯ ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆಸಿ ಶಹಾಬಾದಿನ ಮನೆಗೆ ಕರೆತಂದಾಗ ಅವರು ಮೊದಲು ನೋಡಿದ್ದು ನನ್ನ ತಲೆಯನ್ನು.

"ಯವ್ವಾ, ಇಷ್ಟು ಬಿಳಿ ಕೂದಲ ಯಾವಾಗ ಬಂದ್ವು ನಿನಗ?"

"ನೀವು ನೋಡಲಾರದಾಗ ಬಂದಾವ್ರಿ ಅತ್ತಿ," ಅಂದೆ. ಇಬ್ಬರೂ ನಕ್ಕೆವು.

ಆಮೇಲೆ ಕೆಲವು ವಾರ ನಮ್ಮದು ಅದೇ ಮನೆಯೋ ಬೇರೆಯೋ ಅನ್ನಿಸುತ್ತಿತ್ತು. ನಾನು ಶಾಲೆಯಲ್ಲಿ ಪಾಠ ಮಾಡಿ ಬರುವಷ್ಟರಲ್ಲಿ ಅತ್ತೆ ಏನಾದರೊಂದನ್ನು ಹುಡುಕಿ ಇಟ್ಟಿರುತ್ತಿದ್ದರು. ನೆಲಕ್ಕೆ ಹಾಸಿದ ಒದ್ದೆ ಫರಸಿ ಕಲ್ಲಿನೊಳಗೆ ಎಳೆಎಳೆಯಾಗಿ ಹಬ್ಬಿದ ಕಪ್ಪು ಗಿಡದಂಥ ಗೆರೆಗಳು. ಬೆಕ್ಕಿನ ಕಿವಿಯಲ್ಲಿ ಹಾಯುವ ಬಿಸಿಲು. ಒಂದು ಸಂಜೆ ಟಿವಿಯಲ್ಲಿ ಹಳೆಯ ಸಿನಿಮಾದ ಹಾಡು ಬರುತ್ತಿತ್ತು. ಅತ್ತೆ ಮುಖ ಸಣ್ಣದು ಮಾಡಿದರು.

"ಈಕಿ ಹಳದಿ ಸೀರಿ ಉಟ್ಟಾಳೇನು? ಇಷ್ಟು ವರ್ಷ ಬರೇ ಕೇಳಿಕೋತ ನಾ ಈಕಿಗಿ ಹಸಿರು ಸೀರಿ ಉಡಿಸಿದ್ದೆ."

ಹಾಡು ಮುಗಿದ ಮೇಲೆ, "ಹಸಿರೇ ಚೊಲೋ ಇತ್ತು," ಅಂದರು.

ಹೋಳಿ ಹುಣ್ಣಿಮೆ ಬಂತು. ಅತ್ತೆ ಹುಟ್ಟಿದ್ದು ಕುಂಚಾವರಂ ಕಾಡಿನ ಅಂಚಿನ, ಗಡಿಗೆ ಹತ್ತಿರದ ಒಂದು ಸಣ್ಣ ಊರಲ್ಲಿ. ಅಲ್ಲೀಗ ಅವರ ಕಡೆಯವರು ಯಾರೂ ಇಲ್ಲ. ಬೆಳಿಗ್ಗೆ ರೊಟ್ಟಿ ಮುರಿಯುತ್ತ ಮಗನಿಗೆ, "ನನಗ ಮುತ್ತಲ ಹೂ ನೋಡಬೇಕಾಗ್ಯಾದಪ್ಪ," ಅಂದರು. ಏನನ್ನೂ ಬೇಕೆಂದು ಕೇಳಿದವರಲ್ಲ. ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿರುವ ನನ್ನ ಗಂಡ ಆ ದಿನ ರಜೆ ಹಾಕಿದರು.

ಚಿತ್ತಾಪುರ, ಸೇಡಂ ದಾಟಿ ಹೋದೆವು. ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಂಡಾಗ ಅತ್ತೆ, "ಮುಗಿಲು ಇಲ್ಲೇ ತಯಾರು ಮಾಡತಾರೇನು?" ಅಂದರು. ಚಿಂಚೋಳಿಯ ಆಚೆ ಕೆಂಪು ಮಣ್ಣು ಶುರುವಾದ ಮೇಲೆ ಕಿಟಕಿಯ ಕಡೆಗೆ ಸರಿದು ಕೂತರು.

ಒಂದು ತಿರುವಿನಲ್ಲಿ ಮುತ್ತುಗದ ಮರಗಳು ಎದುರಾದವು. ಒಂದು ಎಲೆಯೂ ಇಲ್ಲ, ಕೊಂಬೆಕೊಂಬೆಗೂ ಕೆಂಡದ ಬಣ್ಣ. ಗಾಡಿ ನಿಂತಿತು. ಅತ್ತೆ ಕೆಳಗಿಳಿದು, ಕರಿ ಚಷ್ಮಾ ತೆಗೆದು, ಉದುರಿದ ಹೂಗಳನ್ನು ತುಳಿಯದಂತೆ ಹೆಜ್ಜೆ ಇಡುತ್ತ ಹೋದರು. ಮರದ ಕೆಳಗೆ ಒಬ್ಬ ಹೆಂಗಸು ಹೋಳಿ ಬಣ್ಣಕ್ಕೆಂದು ಹೂ ಆರಿಸುತ್ತಿದ್ದಳು. ಅವಳು ತೆಲುಗಿನಲ್ಲಿ ಏನೋ ಕೇಳಿದಳು.

ಅತ್ತೆ ತೆಲುಗಿನಲ್ಲೇ ಉತ್ತರ ಕೊಟ್ಟರು.

ನಾನು ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ನಮ್ಮವ್ವಗ ತೆಲುಗು ಬರತದಂತ ನನಗೂ ಗೊತ್ತಿದ್ದಿಲ್ಲ," ಅಂದರು ಮೆಲ್ಲಗೆ. ಮಗನನ್ನು ಬೆಳೆಸಿ, ಮದುವೆ ಮಾಡಿ, ಮೊಮ್ಮಕ್ಕಳನ್ನು ಕಂಡ ಮನೆಯಲ್ಲಿ ಆ ಭಾಷೆಗೆ ಕೆಲಸವೇ ಬಿದ್ದಿರಲಿಲ್ಲ.

ಅವರಿಬ್ಬರೂ ಕುಕ್ಕರುಗಾಲಲ್ಲಿ ಕೂತು ಹೂ ಆರಿಸತೊಡಗಿದರು. ಆ ಹೆಂಗಸು ಗುನುಗುತ್ತಿದ್ದ ಹಾಡಿಗೆ ಅತ್ತೆ ದನಿ ಸೇರಿಸಿದರು. ಯಾವುದೋ ಹಳೆಯ ತೆಲುಗು ಸಿನಿಮಾದ್ದಂತೆ. ಮದುವೆಗೆ ಮೊದಲು ಟೆಂಟಿನಲ್ಲಿ, ನೆಲದ ಮೇಲೆ ಕೂತು ನೋಡಿದ್ದಂತೆ. ನನಗೆ ಒಂದು ಮಾತೂ ತಿಳಿಯಲಿಲ್ಲ. ಆದರೆ ಪಲ್ಲವಿ ತಿರುಗಿ ಬಂದಾಗ ಅತ್ತೆಯ ಕತ್ತು ಹುಡುಗಿಯ ಕತ್ತಿನಂತೆ ಒಂದು ಕಡೆಗೆ ವಾಲುತ್ತಿತ್ತು. ಗಾಳಿಗೆ ಮೇಲಿನಿಂದ ಹೂ ಉದುರುತ್ತಲೇ ಇತ್ತು. ಇಳಕಲ್ ಸೀರೆಯ ಸೆರಗಿನ ಮೇಲೆ ಬಿದ್ದವನ್ನು ಅವರು ಕೊಡವಿಕೊಳ್ಳಲಿಲ್ಲ. ಗಾಳಿ ನಿಂತರೆ ಎಲ್ಲಿ ಹಾಡೂ ನಿಂತೀತೋ ಎಂದು ನಾನು ಪಕ್ಕದಲ್ಲೇ ಅಲುಗದೆ ಕೂತಿದ್ದೆ.

ಹೊರಡುವಾಗ ಆ ಹೆಂಗಸು ಅತ್ತೆಯ ಕೈ ಹಿಡಿದು ಏನೋ ಅಂದಳು.

"ಏನಂದಳ್ರಿ?" ಎಂದು ಕೇಳಿದೆ.

"ಹಾಡಿನ ನಡುವಿನ ಎರಡು ಸಾಲು ನಾ ಮರತಿದ್ದೆ. ಮತ್ತ ಬಾ, ಹೇಳಿಕೊಡತೀನಿ ಅಂತಾಳ."

ಸೇಡಂ ಹತ್ತಿರ ಬರುವಾಗ ಕಟಾವಾದ ಹೊಲಗಳ ಮೇಲೆ ಚಂದ್ರ ಎದ್ದ. ಅತ್ತೆ ಗಾಡಿ ನಿಲ್ಲಿಸಲು ಹೇಳಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಬಹಳ ಹೊತ್ತು ನೋಡಿದರು.

"ಕಣ್ಣಾಗ ಮೋತಿಬಿಂದು ಪೊರಿ ಇದ್ದಾಗ ನನಗ ಮೂರು ಮೂರು ಚಂದ್ರ ಕಾಣತಿದ್ವು," ಅಂದರು. "ಈಗ ಒಂದೇ ಅದ."

"ಬ್ಯಾಸರಾತೇನ್ರಿ?" ಅಂದೆ ನಾನು.

"ಸ್ವಲ್ಪ," ಅಂದವರು ನಗುತ್ತ, ಮಗನ ಹೆಗಲು ತಟ್ಟಿ, "ನಡಿಯಪ್ಪ," ಎಂದರು.